ಸಾಂತಾಕ್ರೂಜ್ ಅಂಕಲ್‌ನ ಸೊಂಟ

ಸೀನಣ್ಣನ ಬಲಗಡೆಯ ಸೊಂಟದ ಕೀಲನ್ನು ತೆಗೆದು ಹೊಸದನ್ನು ಕೂರಿಸಿ ಹದಿನಾರು ದಿನಗಳಾಗಿದ್ದವು. ಆಪರೇಷನ್ ಬಹಳ ಚೆನ್ನಾಗಿ ಆಗಿದೆಯೆಂದು ಎಕ್ಸ್‌ರೇ ನೋಡಿದವರೆಲ್ಲ ಒಪ್ಪಿದ್ದರು. ನೋಡಿದವರಲ್ಲಿ ಡಾಕ್ಟರು, ಮಗ ಸುಹಾಸ, ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಜೋಗಳೇಕರ್ ಮತ್ತು ಬಟ್ಟೆ ಇಸ್ತ್ರಿ ಮಾಡುವವನು ಸೇರಿದ್ದರು. ಕೀಲು ನಡೆಯಲು ಸಿದ್ಧವಾಗಿತ್ತು. ಸಿದ್ಧನಾಗದೆ ಉಳಿದವನು ಸೀನಣ್ಣ ಒಬ್ಬನೇ.

ಅವನನ್ನು ದೂರಿ ಫಲವಿಲ್ಲ. ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ಮ್ಯಾನೇಜರ್ ಆಗಿದ್ದವನು. ಕೂತಲ್ಲಿಂದ "ಮೂರನೇ ಟೇಬಲಿಗೆ ನೀರು!" ಎಂದರೆ ಯಾರೋ ಓಡುತ್ತಿದ್ದರು; "ಏಳಕ್ಕೆ ಚಟ್ನಿ!" ಎಂದರೆ ಇನ್ನಾರೋ ಓಡುತ್ತಿದ್ದರು. ಬೇರೆಯವರನ್ನು ಓಡಿಸುವುದರಲ್ಲಿ ಆಯುಷ್ಯ ಕಳೆದವನಿಗೆ ಅರುವತ್ತೇಳನೆಯ ವಯಸ್ಸಿನಲ್ಲಿ ಸ್ವತಃ ನಡೆ ಎಂದರೆ ಅದು ಪದವಿಯಿಂದ ಇಳಿಸಿದ ಹಾಗೆ ಅನಿಸಿದರೆ ಆಶ್ಚರ್ಯವೇನು?

ಡಾಕ್ಟರು ಹೇಳಿದ್ದು ಸರಳ. ಬೆಳಿಗ್ಗೆ ಐದು ನಿಮಿಷ, ಮಧ್ಯಾಹ್ನ ಐದು, ಸಂಜೆ ಐದು. ವಾಕರ್ ಹಿಡಿದು ಮನೆಯೊಳಗೆ ನಡೆಯಬೇಕು. ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಮರುದಿನ ನೋವು ಜಾಸ್ತಿಯಾದರೆ ಹಿಂದಿನ ದಿನ ನಡೆದದ್ದು ಜಾಸ್ತಿಯಾಯಿತೆಂದು ತಿಳಿಯಬೇಕು. ಸೀನಣ್ಣ ಈ ಕೊನೆಯ ಮಾತನ್ನು ಮಾತ್ರ ನೆನಪಿಟ್ಟುಕೊಂಡ. ಪ್ರತಿದಿನ ಎದ್ದಾಗ ನೋವಿರುತ್ತಿತ್ತು. ಆದ್ದರಿಂದ ನಿನ್ನೆ ಬಾತ್‌ರೂಮಿಗೆ ಹೋಗಿ ಬಂದದ್ದೇ ಜಾಸ್ತಿಯಾಯಿತೆಂದು ತೀರ್ಮಾನಿಸಿ ಮತ್ತೆ ಮಲಗುತ್ತಿದ್ದ.

ನೋಡಲು ಬಂದವರು ಅವನನ್ನು ಇನ್ನಷ್ಟು ದಣಿಸಿದರು. "ಮೂರು ತಿಂಗಳು ಕಾಲು ನೆಲಕ್ಕೆ ಇಡಬೇಡಿ ಮಾರಾಯ್ರೆ" ಎಂದರು ಒಬ್ಬರು. "ಮುಲುಂಡಿನ ನಮ್ಮ ಭಾವ ನಾಲ್ಕನೇ ದಿನಕ್ಕೆ ಲೋಕಲ್ ಟ್ರೇನ್ ಹತ್ತಿದ್ರು" ಎಂದರು ಇನ್ನೊಬ್ಬರು. ಇಬ್ಬರಿಗೂ ಹೆಂಡತಿ ಅಕ್ಕು ಚಹಾ ಮಾಡಿ ಕೊಟ್ಟಳು. ಅವರು ಹೋದ ಮೇಲೆ ಲೋಟ ತೊಳೆದಳು. ಆಪರೇಷನ್ ಸೀನಣ್ಣನಿಗೆ ಆದದ್ದಾದರೂ ಆ ಮನೆಯಲ್ಲಿ ಕಾಲು ನೋಯುತ್ತಿದ್ದದ್ದು ಇಬ್ಬರಿಗೆ. ಎರಡನೆಯವರದ್ದನ್ನು ಯಾರೂ ಕೇಳಿರಲಿಲ್ಲ.

ವಾರಕ್ಕೆ ಮೂರು ದಿನ ಯಕ್ಷಿತಾ ಬರುತ್ತಿದ್ದಳು. ವ್ಯಾಯಾಮ ಮಾಡಿಸಿ ನಡೆಸುವ ಫಿಸಿಯೋ ಹುಡುಗಿ. ಮಂಗಳೂರಿನ ಕಡೆಯವರ ಮಗಳಾದರೂ ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಬಾಯಿಗೆ ಬರುವಾಗ ಮಾತ್ರ ಹಿಂದಿಯನ್ನೋ ಇಂಗ್ಲಿಷನ್ನೋ ಜೊತೆಗೆ ಕರೆದುಕೊಂಡೇ ಬರುತ್ತಿತ್ತು.

"ಅಂಕಲ್, ಉಠೋ. ಇವತ್ತು ಬಾಗಿಲಿನ ತನಕ ಹೋಗುವ."

"ಇವತ್ತು ಆಗುದಿಲ್ಲ ಮಗಾ. ಸೊಂಟ ಸ್ವಲ್ಪ ಬಿಗಿ ಉಂಟು."

"ಮೊನ್ನೆ ಲೂಸ್ ಉಂಟು ಅಂದ್ರಿ."

"ಮೊನ್ನೆ ಲೂಸ್ ಇತ್ತು. ಅದಕ್ಕೇ ಇವತ್ತು ಬಿಗಿ ಆದದ್ದು."

ಯಕ್ಷಿತಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ನಾಲ್ಕು ಮನೆ ಮುಗಿಸಿದ್ದಳು, ಇನ್ನೂ ಮೂರು ಬಾಕಿಯಿದ್ದವು. ಆ ಸುಸ್ತಿನಲ್ಲಿ ಅವಳ ಬಾಯಿಂದ ಒಂದು ಮಾತು ಹೊರಬಿತ್ತು.

"ಸಾಂತಾಕ್ರೂಜ್‌ನಲ್ಲಿ ನನ್ನ ಇನ್ನೊಬ್ರು ಪೇಷಂಟ್ ಇದ್ದಾರೆ ಅಂಕಲ್. ಸೇಮ್ ದಿನ, ಸೇಮ್ ಆಪರೇಷನ್. ಏಜ್ ಸೆವೆಂಟಿ ಒನ್. ನಿನ್ನೆ ಬಿಲ್ಡಿಂಗ್ ಗೇಟ್ ತನಕ ಹೋಗಿ ಬಂದ್ರು."

ಇದರಲ್ಲಿ ಪೇಷಂಟ್ ನಿಜ, ದಿನ ನಿಜ, ವಯಸ್ಸೂ ನಿಜ. ಗೇಟ್ ಸಹ ನಿಜವಾಗಿ ಇತ್ತು. ಆ ಮನುಷ್ಯ ಅಲ್ಲಿಗೆ ಹೋದದ್ದು ಮಾತ್ರ ಸುಳ್ಳು. ಅವನು ಆ ಹೊತ್ತಿಗೆ ಸಾಂತಾಕ್ರೂಜ್‌ನ ತನ್ನ ಮಂಚದ ಮೇಲೆ, ಸೊಂಟ ಬಿಗಿಯಾಗಿದೆಯೆಂದು ಹೆಂಡತಿಯ ಹತ್ತಿರ ವಾದಿಸುತ್ತ ಮಲಗಿದ್ದ.

ಸೀನಣ್ಣ ತಲೆದಿಂಬಿನಿಂದ ಸ್ವಲ್ಪ ಮೇಲೆದ್ದ. "ಯಾವ ಊರಿನವರು ಅವರು?"

"ಗುಲ್ಬರ್ಗ ಸೈಡ್. ಕನ್‌ಸ್ಟ್ರಕ್ಷನ್‌ನಲ್ಲಿ ಇದ್ರು, ಲೇಬರ್ ಜನರ ಮುಕಾದಮ್."

"ಎಪ್ಪತ್ತೊಂದಾ?"

"ಸೆವೆಂಟಿ ಒನ್."

ಅಂದು ಸಂಜೆ ಅಡಿಗೆಮನೆಯಲ್ಲಿದ್ದ ಅಕ್ಕುಗೆ ವಾಕರಿನ ಟಕ್ ಟಕ್ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಗಂಡ ಎದುರಿನ ಬಾಗಿಲಿನ ಚಿಲಕ ಹಿಡಿದು ಬೆವರುತ್ತ ನಿಂತಿದ್ದಾನೆ.

"ಎಂತ ಬೇಕಿತ್ತು? ನನಗೆ ಹೇಳಿದ್ರೆ ತರ್ತಿದ್ದೆನಲ್ಲ?"

"ಎಂತದೂ ಬೇಡ. ಬಾಗಿಲು ಬೇಕಿತ್ತು" ಎಂದ ಸೀನಣ್ಣ.

ಒಂದು ಸುಳ್ಳು ಹೀಗೆ ರೋಗಿಯನ್ನು ಎಬ್ಬಿಸಿ ನಿಲ್ಲಿಸಿದ್ದನ್ನು ಕಂಡ ಯಕ್ಷಿತಾ ಅದೇ ಔಷಧವನ್ನು ಸಾಂತಾಕ್ರೂಜ್‌ನಲ್ಲೂ ಕೊಟ್ಟಳು. ಅಲ್ಲಿನ ಪೇಷಂಟಿನ ಹೆಸರು ಶರಣಬಸಪ್ಪ.

"ಪಾರ್ಲೆಯಲ್ಲಿ ಒಬ್ರು ಅಂಕಲ್ ಇದ್ದಾರೆ. ಹೋಟೆಲ್ ಮ್ಯಾನೇಜರ್ ಇದ್ರು. ಗೇಟ್ ತನಕ ಹೋದ್ರು."

"ಹೋಟೆಲ್‌ದಾಂವ?" ಶರಣಬಸಪ್ಪ ಹುಬ್ಬೇರಿಸಿದ. "ಫ್ಯಾನಿನ ಬುಡಕ ಕುಂತು ಇಡ್ಲಿ ತಿಂದಾಂವ ಗೇಟ್ ತನಾ ಹೋದ್ನಾ? ಏ ಲಕ್ಷ್ಮವ್ವ, ತಾರವ್ವ ಆ ವಾಕರ್!"

ಯಕ್ಷಿತಾ ಹೇಳಿದ ಸುಳ್ಳುಗಳು ಇವೆರಡೇ. ಮುಂದಿನದ್ದನ್ನು ಆ ಇಬ್ಬರು ಹಿರಿಯರೇ ವಹಿಸಿಕೊಂಡರು.

ಮುಂದಿನ ಸಲ ಅವಳು ಬಂದಾಗ ಸೀನಣ್ಣ ತಾನೂ ಗೇಟ್ ತನಕ ಹೋದೆನೆಂದ. ಹೋದದ್ದು ಲಿಫ್ಟಿನ ತನಕ. ಆದರೆ ಲಿಫ್ಟಿನ ಬಾಗಿಲೂ ಜಾಲರಿಯ ಗೇಟೇ ಅಲ್ಲವೇ, ಆದ್ದರಿಂದ ಅವನ ಮನಸ್ಸಾಕ್ಷಿ ತೊಂದರೆ ಕೊಡಲಿಲ್ಲ. ಯಕ್ಷಿತಾ ಸಂತೋಷದಿಂದ ಇದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು, ಸಾಂತಾಕ್ರೂಜ್‌ನಲ್ಲಿ ಹೇಳಿದಳು. ಶರಣಬಸಪ್ಪ ಬಾಲ್ಕನಿಯಲ್ಲಿ ಎರಡು ಸಲ ಅತ್ತಿತ್ತ ಹೋಗಿ ಬಿಲ್ಡಿಂಗಿಗೆ ಎರಡು ಸುತ್ತು ಹಾಕಿದೆನೆಂದು ಬರೆಸಿದ. ಅದು ಪಾರ್ಲೆಗೆ ಬಂತು. ಸೀನಣ್ಣ ಅಡಿಗೆಮನೆಗೆ ಹೋಗಿ ಒಂದು ಸೌತೆಕಾಯಿ ತಿಂದು ಬಂದು, ತರಕಾರಿ ಮಾರ್ಕೆಟ್‌ವರೆಗೆ ಹೋಗಿದ್ದೆನೆಂದ. ಶರಣಬಸಪ್ಪ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದ. ಸೀನಣ್ಣ ಇನ್ನು ತಡೆಯಲಾರದೆ, ಎರಡೂ ಊರುಗಳ ನಡುವೆ ಇರುವ ಮುನಿಸಿಪಾಲಿಟಿಯ ಗಾರ್ಡನ್ನಿಗೆ ದಿನಾ ಬೆಳಿಗ್ಗೆ ನಡೆದೇ ಹೋಗಿ ಬರುತ್ತಿರುವುದಾಗಿ ಘೋಷಿಸಿದ.

ಯಕ್ಷಿತಾಳ ಪುಸ್ತಕದ ಪ್ರಕಾರ ನಾಲ್ಕನೇ ವಾರದ ಕೊನೆಗೆ ಆ ಇಬ್ಬರೂ ಅವಳಿಗಿಂತ ಹೆಚ್ಚು ನಡೆಯುತ್ತಿದ್ದರು. ಮೊದಲು ಹಿಗ್ಗಿದವಳಿಗೆ ಈಗ ಭಯವಾಯಿತು.

"ಅಂಕಲ್, ಇಷ್ಟು ಫಾಸ್ಟ್ ಬೇಡ. ಹೊಸ ಜಾಯಿಂಟ್ ಉಂಟು. ಆರಾಮ್ ಸೇ. ಒಂದು ದಿನ ಸ್ವಲ್ಪ, ಮತ್ತೆ ರೆಸ್ಟ್, ಮತ್ತೆ ಸ್ವಲ್ಪ."

"ಸಾಂತಾಕ್ರೂಜ್‌ನವರಿಗೂ ಹೀಗೇ ಹೇಳಿದ್ದಿಯಾ?"

ಅವಳು ತಲೆ ತಗ್ಗಿಸಿದಳು. "ಸಚ್ ಬೋಲೂಂ ಅಂಕಲ್? ಫಸ್ಟ್ ದಿನ ನಾನು ಸುಳ್ಳು ಹೇಳಿದ್ದು. ಅವರು ಗೇಟ್ ತನಕ ಹೋಗ್ಲೇ ಇಲ್ಲ."

ಸೀನಣ್ಣ ನಕ್ಕ. ಮೂವತ್ತನಾಲ್ಕು ವರ್ಷ ಎಂತೆಂಥ ಗಿರಾಕಿಗಳನ್ನು ನೋಡಿದವನ ನಗು ಅದು. "ನನ್ನನ್ನು ನಿಲ್ಲಿಸ್ಲಿಕ್ಕೆ ಅವರೇ ಕಳಿಸಿದ್ದಲ್ವಾ ನಿನ್ನನ್ನು?" ಎಂದ. ನಿಜ ಹೇಳಿ ನಂಬಿಸಲಾಗದೆ ಆ ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಆದರೂ ಸೀನಣ್ಣ ಮೂಲತಃ ಪ್ರಾಮಾಣಿಕ. ಪುಸ್ತಕದಲ್ಲಿ ಬರೆಸಿದ್ದರಲ್ಲಿ ನಾಲ್ಕಾಣೆಯಷ್ಟಾದರೂ ನಿಜವಾಗಿರಬೇಕೆಂದು ಅವನಿಗೆ ಅನಿಸಿತು. ಮರುದಿನ ಸಂಜೆ ಅಕ್ಕು ಹಾಲು ತರಲು ಹೋದ ಸಮಯ ನೋಡಿ, ವಾಕರ್ ಹಿಡಿದು ಲಿಫ್ಟಿನಲ್ಲಿ ಕೆಳಗಿಳಿದ. ಯಾರ ಕಣ್ಣಿಗೂ ಬೀಳದೆ ಗೇಟ್ ಮುಟ್ಟಿ ಬರುವುದು ಅವನ ಯೋಜನೆ. ಆದರೆ ಕಣ್ಣಿಗೆ ಬಿದ್ದದ್ದು ಸೆಕ್ರೆಟರಿ ಜೋಗಳೇಕರರಿಗೆ.

"ಅರೇ ವಾ, ಸೀನಾಶೇಟ್! ಚಾಲಾಯ್ಲಾ ಲಾಗ್ಲಾತ!" ನಡೆಯಲು ಶುರುಮಾಡಿದಿರಲ್ಲ ಎಂದು ಅವರು ಇಡೀ ಕಾಂಪೌಂಡಿಗೆ ಕೇಳಿಸುವಂತೆ ಕೂಗಿ, ಅದು ಸಾಲದೆಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೂ ಹಾಕಿದರು. ನೀರಿನ ಟ್ಯಾಂಕ್ ಸೋರುತ್ತಿದೆ, ಮೀಟಿಂಗಿಗೆ ಬನ್ನಿ ಎಂದು ಮೂರು ಸಲ ಬರೆದರೂ ಇಳಿಯದ ಜನ ಈಗ ಐದು ನಿಮಿಷದಲ್ಲಿ ಹನ್ನೊಂದು ಮಂದಿ ಇಳಿದರು. ಚಪ್ಪಾಳೆ ಶುರುವಾಯಿತು. ಚಪ್ಪಾಳೆ ತಟ್ಟುತ್ತಿರುವವರ ಎದುರು ವಾಕರ್ ತಿರುಗಿಸಿ ಮನೆಗೆ ಹೋಗುವುದು ಯಾವ ಮನುಷ್ಯನಿಂದಲೂ ಆಗುವ ಕೆಲಸವಲ್ಲ.

ಸೀನಣ್ಣ ಗೇಟ್ ಮುಟ್ಟಿದ. ಜೋಗಳೇಕರ್ "ಆಣಖಿ, ಆಣಖಿ, ಇನ್ನೂ!" ಎಂದರು. ಸೀನಣ್ಣ ಪಂಪಿನ ಕೋಣೆ ದಾಟಿದ, ಸ್ಕೂಟರುಗಳ ಸಾಲು ದಾಟಿದ, ಒಂದು ಸುತ್ತು ಮುಗಿಸಿದ. ಅಷ್ಟರಲ್ಲಿ ನಾಲ್ಕನೇ ಮಹಡಿಯ ಮಾಧುರಿ ಏದುಸಿರು ಬಿಡುತ್ತ ಬಂದು, ವಿಡಿಯೋ ತೆಗೆಯುವುದು ತಪ್ಪಿಹೋಯಿತು, ಇನ್ನೊಂದೇ ಸುತ್ತು ಎಂದು ಕೇಳಿಕೊಂಡಳು. ಎರಡನೇ ಸುತ್ತಿನ ಅರ್ಧದಲ್ಲಿ ಸೀನಣ್ಣನ ಕಾಲು ಇನ್ನು ಬಾರೆನೆಂದಿತು. ವಾಚ್‌ಮನ್‌ನ ಕುರ್ಚಿಗೆ ಎರಡು ದಿಂಬು ಹಾಕಿ, ಅದರಲ್ಲಿ ಕೂರಿಸಿ, ಕುರ್ಚಿಸಮೇತ ಹೊತ್ತು ಲಿಫ್ಟಿಗೆ ತಂದರು. ಅವನು ನಡೆದದ್ದರ ಒಂಬತ್ತು ಫೋಟೋಗಳು ಗುಂಪಿಗೆ ಬಂದವು. ಹೊತ್ತು ತಂದದ್ದರ ಫೋಟೋ ಒಂದೂ ಇಲ್ಲ. ಫೋಟೋ ತೆಗೆಯುವ ಕೈಗಳೆಲ್ಲ ಆಗ ಕುರ್ಚಿ ಹೊರುವುದರಲ್ಲಿದ್ದವು.

ಬೆಳಗಾಗುವಾಗ ಕಾಲು ತೊಡೆಯಿಂದ ಹಿಮ್ಮಡಿವರೆಗೆ ಊದಿತ್ತು. ಅಕ್ಕು ಸೀರೆ ಬದಲಿಸಿ ರಿಕ್ಷಾ ಕರೆದಳು.

ಅಂಧೇರಿಯ ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಎಂದು ಸ್ಕ್ಯಾನ್ ಮಾಡಿದರು, ಕೀಲು ಜಾರಿದೆಯೋ ಎಂದು ಎಕ್ಸ್‌ರೇ ಮಾಡಿದರು. ಎರಡೂ ಆಗಿರಲಿಲ್ಲ. ಡಾಕ್ಟರು ಯಕ್ಷಿತಾ ಕಳಿಸಿದ ವರದಿಯನ್ನು ಫೋನಿನಲ್ಲಿ ತೆರೆದು ಓದಿದರು. ಓದುತ್ತ ಓದುತ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾಲ್ಕನೇ ವಾರದಲ್ಲಿ ತರಕಾರಿ ಮಾರ್ಕೆಟ್? ದಿನಾ ಗಾರ್ಡನ್? ಇದು ನಿಜವೇ ಎಂದು ಕೇಳಿದರು.

ಸೀನಣ್ಣ ಕಷ್ಟಕ್ಕೆ ಬಿದ್ದ. ಹೌದೆಂದರೆ ಮೂರ್ಖ, ಅಲ್ಲವೆಂದರೆ ಸುಳ್ಳುಗಾರ. ಸ್ವಲ್ಪ ಯೋಚಿಸಿ ಅವನು ಮೂರ್ಖನಾಗುವುದನ್ನು ಆರಿಸಿಕೊಂಡ. ಡಾಕ್ಟರು ಇಪ್ಪತ್ತು ನಿಮಿಷ ಬೈದರು. ಕೀಲು ಜಾರಿದರೆ ಇನ್ನೊಂದು ಆಪರೇಷನ್, ಎರಡನೆಯದು ಮೊದಲಿನಷ್ಟು ಸುಲಭವಲ್ಲ, ಇವತ್ತಿನಿಂದ ಮತ್ತೆ ಐದೇ ನಿಮಿಷ ಎಂದರು.

ವಾಪಸು ಬರುವಾಗ ರಿಕ್ಷಾ ಟ್ರಾಫಿಕ್ಕಿನಲ್ಲಿ ನಿಂತಿತು. ಅಕ್ಕು ಬೆಳಗಿನಿಂದ ಮೊದಲ ಸಲ ಬಾಯಿ ತೆರೆದಳು.

"ಮಾರ್ಕೆಟಿಗೆ ಹೋದದ್ದು ಯಾವಾಗ ನೀವು?"

ಸೀನಣ್ಣ ಹೊರಗೆ ನೋಡಿದ.

"ಅಲ್ಲ, ಹೋದವರು ಒಂದು ಕಟ್ಟು ಕೊತ್ತಂಬರಿ ಸೊಪ್ಪಾದ್ರೂ ತರಬಹುದಿತ್ತು."

"ಅಕ್ಕೂ..."

"ನೋಡಿ, ನನಗೆ ನಿಮ್ಮ ಪಂದ್ಯ ಯಾರ ಹತ್ರ ಅಂತ ಗೊತ್ತಿಲ್ಲ. ಗೊತ್ತಾಗುದೂ ಬೇಡ. ಇನ್ನೊಂದು ಸಲ ಆಸ್ಪತ್ರೆ, ಇನ್ನೊಂದು ಸಲ ಆ ಪ್ಲಾಸ್ಟಿಕ್ ಬೆಂಚಿನಲ್ಲಿ ಕೂತು ಕಾಯುದು, ಅದು ನನ್ನಿಂದ ಆಗುದಿಲ್ಲ. ನಾನು ಸಹ ಮನುಷ್ಯಳೇ. ನನಗೂ ಅರುವತ್ತೆರಡು ಆಯ್ತು."

ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಸೀನಣ್ಣ ಏನಾದರೂ ಉತ್ತರ ಕೊಡುತ್ತಿದ್ದ. ಮನೆ ಬರುವ ತನಕ ಅವನು ಎದುರಿನ ಬಸ್ಸಿನ ಹಿಂಭಾಗವನ್ನೇ ನೋಡುತ್ತ ಕೂತ.

ಅಲ್ಲಿಂದ ಹತ್ತು ಹನ್ನೆರಡು ದಿನ ಸೀನಣ್ಣ ಹೇಳಿದ ಮಾತು ಕೇಳಿದ. ಐದು ನಿಮಿಷ ನಡೆದ, ಕೂತ, ಮಲಗಿದ, ಮತ್ತೆ ಐದು ನಿಮಿಷ ನಡೆದ. ಐದು ಏಳಾಯಿತು, ಏಳು ಹತ್ತಾಯಿತು. ವಾಕರಿನ ಬದಲು ಕೋಲು ಬಂತು. ಒಂದು ದಿನ ಮಧ್ಯಾಹ್ನ ಅಕ್ಕು ಮಲಗಿದ್ದಾಗ ಅವಳನ್ನು ಕರೆಯದೆ ತಾನೇ ಹೋಗಿ ನೀರು ಕುಡಿದು ಬಂದ. ಇದು ಅವನ ಜೀವನದ ದೊಡ್ಡ ನಡಿಗೆ. ಆದರೆ ಬರೆಸುವಂತಿರಲಿಲ್ಲ. ದಿನಾ ಗಾರ್ಡನ್ನಿಗೆ ಹೋಗುವವನು ಅಡಿಗೆಮನೆಗೆ ಹೋದದ್ದನ್ನು ಯಾವ ಬಾಯಿಂದ ಹೇಳುವುದು? ಕಾಲು ಊದಿದ್ದನ್ನು ಮಾತ್ರ ಸಾಂತಾಕ್ರೂಜ್‌ನಲ್ಲಿ ಹೇಳಬಾರದೆಂದು ಯಕ್ಷಿತಾಳಿಂದ ಮಾತು ತೆಗೆದುಕೊಂಡಿದ್ದ.

ಆರನೇ ವಾರದ ಶುಕ್ರವಾರ ಯಕ್ಷಿತಾ ಹೊರಡುವ ಮುಂಚೆ ಹೇಳಿದಳು. "ನಾನು ಕಸಿನ್ ಮದುವೆಗೆ ಮಂಗಳೂರಿಗೆ ಹೋಗ್ತೇನೆ ಅಂಕಲ್, ಎಂಟು ದಿನ. ಔರ್ ಹಾಂ, ಸಾಂತಾಕ್ರೂಜ್ ಅಂಕಲ್ ನಿಮ್ಮ ಗಾರ್ಡನ್ ಯಾವುದು ಅಂತ ಕೇಳಿದ್ರು. ಸಂಡೇ ಅಲ್ಲಿಗೆ ನಡ್ಕೊಂಡು ಬರ್ತಾರಂತೆ. ನಿಮ್ಮನ್ನು ನೋಡ್ಲಿಕ್ಕೆ."

ಸೀನಣ್ಣ ಎರಡು ದಿನ ಅನ್ನ ಸರಿಯಾಗಿ ತಿನ್ನಲಿಲ್ಲ. ಹೋಗದಿದ್ದರೆ ಮಾನ ಹೋಗುತ್ತದೆ. ನಡೆದು ಹೋದರೆ ಕೀಲು ಹೋಗುತ್ತದೆ, ಅದರ ಜೊತೆ ಅಕ್ಕುವೂ ಹೋಗುವ ಸಾಧ್ಯತೆಯಿದೆ. ಭಾನುವಾರ ಬೆಳಿಗ್ಗೆ ಅವನು ಹೆಂಡತಿಯ ಎದುರು ಮೆತ್ತಗೆ ಪ್ರಸ್ತಾಪವಿಟ್ಟ.

"ಸ್ವಲ್ಪ ಗಾರ್ಡನ್ ಕಡೆ ಹೋಗಿ ಕೂತು ಬರುವನಾ? ರಿಕ್ಷಾದಲ್ಲಿ. ಗಾಳಿಗೆ."

ಅಕ್ಕು ಅವನ ಮುಖ ನೋಡಿದಳು. ಆರು ವಾರದಿಂದ ಹಾಲಿನಂಗಡಿ, ಆಸ್ಪತ್ರೆ ಬಿಟ್ಟರೆ ಅವಳೂ ಹೊರಗಿನ ಗಾಳಿ ಕಂಡಿರಲಿಲ್ಲ. "ವಾಕರ್ ಸಹ ತರುದು" ಎಂದಳು. ಸೀನಣ್ಣ ಒಪ್ಪಿದ.

ಗಾರ್ಡನ್ನಿನ ಗೇಟಿನ ಎದುರೇ ರಿಕ್ಷಾದಿಂದ ಇಳಿಯುವುದು ಅಪಾಯವೆಂದು ಅವನು ಹಿಂದಿನ ತಿರುವಿನಲ್ಲೇ ನಿಲ್ಲಿಸಲು ಹೇಳಿದ. ಅಲ್ಲಿಂದ ಇಪ್ಪತ್ತು ಹೆಜ್ಜೆ ಕೋಲೂರಿ ಹೋದರೆ ಪಾರ್ಲೆಯಿಂದ ನಡೆದೇ ಬಂದ ಹಾಗೆ ಕಾಣುತ್ತದೆ. ಆದರೆ ಆ ತಿರುವಿನಲ್ಲಿ ಆಗಲೇ ಇನ್ನೊಂದು ರಿಕ್ಷಾ ನಿಂತು ದಾರಿ ಕಟ್ಟಿತ್ತು. ಅದರೊಳಗಿಂದ ಎತ್ತರದ ಒಬ್ಬ ಮುದುಕ ಒಂದು ಕೈಯಲ್ಲಿ ಕೋಲು ಹಿಡಿದು, ಬೆನ್ನು ಮುಂದೆ ಮಾಡಿ, ಒಂದೊಂದೇ ಕಾಲನ್ನು ಗಾಜಿನ ಸಾಮಾನು ಇಳಿಸಿದ ಹಾಗೆ ಇಳಿಸುತ್ತಿದ್ದ. ಹಿಂದೆ ಒಬ್ಬ ಹೆಂಗಸು ಮಡಿಸಿದ ವಾಕರ್ ಹಿಡಿದುಕೊಂಡಿದ್ದಳು.

ಸೀನಣ್ಣನಿಗೆ ಅವನ ಮೇಲೆ ಅನುಮಾನ ಬರಲು ಕಾರಣವೇ ಇರಲಿಲ್ಲ. ತಾನು ಎದುರು ನೋಡುತ್ತಿದ್ದವನು ಸ್ಟೇಷನ್ ಸೇತುವೆ ಹತ್ತುವ, ಸಾಂತಾಕ್ರೂಜ್‌ನಿಂದ ನಡೆದು ಬರುವ ಉಕ್ಕಿನ ಮನುಷ್ಯ. ಇವನು ರಿಕ್ಷಾದ ಕಂಬಿ ಹಿಡಿದು ನಡುಗುತ್ತಿದ್ದ ಬಡಪಾಯಿ.

"ಮೆಲ್ಲ, ಮೆಲ್ಲ ಮಾರಾಯ್ರೆ. ಅವಸರ ಬೇಡ" ಎಂದ ಸೀನಣ್ಣ, ತನ್ನ ರಿಕ್ಷಾದೊಳಗಿಂದಲೇ.

"ಕನ್ನಡದವರೇನ್ರಿ?" ಆ ಮುದುಕನ ಮುಖ ಅರಳಿತು. ಸೀನಣ್ಣ ಇಳಿಯುವ ರೀತಿ ನೋಡಿ ಕೇಳಿದ, "ಸೊಂಟಾ?"

"ಸೊಂಟ."

"ನಂದೂ. ಎಡಗಡೀದು."

"ನನ್ನದು ಬಲ."

ಇಬ್ಬರಿಗೂ ಏನೋ ಒಂದು ಲೆಕ್ಕ ಸರಿಹೋದಂತೆ ಸಮಾಧಾನವಾಯಿತು. ಜೊತೆಜೊತೆಯಾಗಿ ಆ ಇಪ್ಪತ್ತು ಹೆಜ್ಜೆ ನಡೆದು, ಗೇಟಿನೊಳಗೆ ನುಸುಳಿ, ಮೊದಲು ಸಿಕ್ಕಿದ ಕಲ್ಲಿನ ಬೆಂಚಿನ ಮೇಲೆ ಕುಸಿದು ಕೂತರು. ಹೆಂಗಸರಿಬ್ಬರೂ ಸ್ವಲ್ಪ ದೂರದ ಬೆಂಚಿಗೆ ಹೋದರು. ಗಂಡಸರ ಕಣ್ಣು ಮಾತ್ರ ಗೇಟಿನ ಮೇಲಿತ್ತು.

ಮನುಷ್ಯ ತನ್ನವರ ಹತ್ತಿರ ಬಚ್ಚಿಟ್ಟದ್ದನ್ನು ಕೆಲವೊಮ್ಮೆ ಗುರುತಿಲ್ಲದವರ ಹತ್ತಿರ ಹೇಳಿಬಿಡುತ್ತಾನೆ. ಸೀನಣ್ಣ ಹೇಳಿದ: "ಹತ್ತು ನಿಮಿಷ ನಡೆದ್ರೆ ಸಾಕು, ನನಗೆ ಹೊಟ್ಟೆಯೊಳಗಿಂದ ಸುಸ್ತು ಬರ್ತದೆ. ಬಾತ್‌ರೂಮಿನ ನೆಲ ಒದ್ದೆ ಇದ್ರೆ ಕಾಲು ಇಡ್ಲಿಕ್ಕೇ ಹೆದರಿಕೆ. ಹೆಂಡತಿಗೆ ಹೇಳಲಿಲ್ಲ."

ಮುದುಕ ತಲೆಯಾಡಿಸಿದ. "ಹದಿನಾರನೇ ಮಾಳಿಗಿ ಮ್ಯಾಲ ಎರಡು ಬೊಂಬಿನ ಮ್ಯಾಲ ನಿಂತು ಬೀಡಿ ಸೇದಿದಾಂವ ನಾ. ಈಗ ಮನಿ ಹೊಸ್ತಿಲಾ ದಾಟಬೇಕಂದ್ರ ಹೆಂಡ್ತಿನ್ನ ಒದರ್ತೀನಿ. ಯಾರಿಗಿ ಹೇಳೂದ್ರಿ ಇದು?"

ಬಿಳಿ ಬೂಟು ಹಾಕಿದವರು ಎದುರಿನಿಂದ ದಬದಬ ಓಡಿ ಹೋಗುತ್ತಿದ್ದರು.

"ಯಾರನ್ನಾದ್ರೂ ಕಾಯ್ತಾ ಇದ್ದೀರಾ?" ಸೀನಣ್ಣ ಕೇಳಿದ.

"ಹೂಂರಿ. ಒಬ್ಬ ಹಾನ, ಪಾರ್ಲೆದಾಂವ. ಹೋಟೆಲ್ ಮ್ಯಾನೇಜರ. ನಮ್ಮಂಗೇ ಆಪರೇಷನ್ ಆದಾಂವ, ಖರೆ ದಿನಾ ಮುಂಜಾನೆ ಇಲ್ಲಿಗಿ ನಡ್ಕೊಂತ ಬರ್ತಾನಂತ. ಅವನ ಸಲುವಾಗಿ ನನ್ನ ಜೀವನಾ ಹಾಳಾಗ್ಯಾದ. ಅವ ಮಾರ್ಕೆಟಿಗಿ ಹೋದಾ ಅಂತ ಕೇಳಿದ ದಿನ ನಾ ಬಾಲ್ಕನಿದಾಗ ಬಿದ್ದೇ ಬಿಡ್ತಿದ್ದೆ. ಏನರೆ ಆಗ್ಲಿ ಬಿಡು, ಇವತ್ತ ಕಣ್ಣಿಲೇ ನೋಡಬೇಕು, ಅವ ಎಂಥಾ ಗಂಡಸು ಹಾನ ಅಂತ ಬಂದೀನಿ."

ಸೀನಣ್ಣ ಕೋಲಿನ ತುದಿಯಿಂದ ನೆಲದ ಮೇಲಿನ ಒಂದು ಒಣಎಲೆಯನ್ನು ಅತ್ತ ಸರಿಸಿದ. ಮತ್ತೆ ಇತ್ತ ಸರಿಸಿದ. ಈಗ ಎದ್ದು ಹೋದರೆ ಮಾನ ಉಳಿಯುತ್ತದೆ. ಪಾರ್ಲೆಯ ಆ ಗಂಡಸು ಸಾಂತಾಕ್ರೂಜ್‌ನಲ್ಲಿ ಎಂದೆಂದಿಗೂ ನಡೆಯುತ್ತಲೇ ಇರುತ್ತಾನೆ. ಆದರೆ ಪಕ್ಕದಲ್ಲಿ ಕೂತವನು ಬಾಲ್ಕನಿಯಲ್ಲಿ ಬೀಳುತ್ತಾನೆ.

"ಇನ್ನು ಅವನು ಬರ್ಲಿಕ್ಕಿಲ್ಲ" ಎಂದ ಸೀನಣ್ಣ.

"ಯಾಕ್ರಿ?"

"ಬಂದಾಗಿದೆ. ರಿಕ್ಷಾದಲ್ಲಿ."

ಶರಣಬಸಪ್ಪ ಅವನ ಮುಖ ನೋಡಿದ, ಕೋಲು ನೋಡಿದ, ದೂರದಲ್ಲಿ ಅಕ್ಕುವಿನ ಕಾಲ ಬಳಿಯಿದ್ದ ವಾಕರ್ ನೋಡಿದ.

"ಮಾರ್ಕೆಟ್ಟು?"

"ಅಡಿಗೆಮನೆ. ಒಂದು ಸೌತೆಕಾಯಿ ತಿಂದೆ."

"ಗೇಟು?"

"ಲಿಫ್ಟಿನ ಗೇಟು." ಸೀನಣ್ಣ ತಲೆಯೆತ್ತಿದ. "ನಿಮ್ಮ ಸ್ಟೇಷನ್ ಸೇತುವೆ?"

"ಟಿವಿನಾಗ ನೋಡಿದ್ದೆ" ಎಂದ ಶರಣಬಸಪ್ಪ.

ಜಗಳವಾಗಬೇಕಾಗಿದ್ದ ಜಾಗದಲ್ಲಿ ಏನೂ ಆಗಲಿಲ್ಲ. ಇಬ್ಬರೂ ಬೆಂಚಿಗೆ ಬೆನ್ನು ಒರಗಿಸಿ ಉಸಿರು ಬಿಟ್ಟರು. ಆರು ವಾರದಲ್ಲಿ ಅಷ್ಟು ಆರಾಮವಾಗಿ ಅವರು ಕೂತದ್ದು ಅದೇ ಮೊದಲು. ಆ ಆರಾಮದಲ್ಲಿ ಒಂಬತ್ತೂ ಮುಕ್ಕಾಲು ಆದದ್ದು ಗೊತ್ತಾಗಲಿಲ್ಲ. ಗಾರ್ಡನ್ನಿನ ವಾಚ್‌ಮನ್ ಪೀಪಿ ಊದುತ್ತ ಬಂದ. ಹತ್ತಕ್ಕೆ ಬಾಗಿಲು ಹಾಕಬೇಕು, "ಚಲೋ ಚಲೋ!"

ಆಗ ತಿಳಿಯಿತು, ಏಳಲು ಆಗುವುದಿಲ್ಲವೆಂದು.

ಬೆಂಚು ತೀರ ತಗ್ಗಾಗಿತ್ತು. ಸೊಂಟ ಬದಲಿಸಿದವರು ಮೊಣಕಾಲಿಗಿಂತ ಕೆಳಗಿನ ಆಸನದಲ್ಲಿ ಕೂರಲೇಬಾರದು, ಮುಂದಕ್ಕೆ ಬಾಗಿ ಏಳಲೂಬಾರದು. ಪಂದ್ಯದ ಆವೇಶದಲ್ಲಿ ಇಬ್ಬರೂ ಅದನ್ನು ಮರೆತಿದ್ದರು. ಸೀನಣ್ಣ ಎಡಗಾಲಿನ ಮೇಲೆ ಭಾರ ಹಾಕಿ ಒಂದು ಅಂಗುಲ ಎದ್ದು ಮತ್ತೆ ಕೂತ. ಶರಣಬಸಪ್ಪ ಅಷ್ಟೂ ಏಳಲಿಲ್ಲ.

"ಅಕ್ಕೂ!"

"ಏ ಲಕ್ಷ್ಮವ್ವ!"

ಹೆಂಗಸರು ನಿಧಾನವಾಗಿ ಬಂದರು. ಅವರಿಗೆ ವಿಷಯ ಗೊತ್ತಾಗಿ ಒಂದು ಗಂಟೆಯಾಗಿತ್ತು. ಕೂತ ಐದೇ ನಿಮಿಷದಲ್ಲಿ ಇಬ್ಬರೂ ಎಲ್ಲವನ್ನೂ ತಾಳೆ ನೋಡಿ ಮುಗಿಸಿದ್ದರು. ಆದರೂ ಬಂದು ಹೇಳಿರಲಿಲ್ಲ. ಅಷ್ಟು ಹೊತ್ತು ಯಾರೂ ತಮ್ಮನ್ನು ಕರೆಯದೆ ಇದ್ದದ್ದು ಅವರಿಗೂ ಹೊಸದಾಗಿತ್ತು, ಅದನ್ನು ಕೆಡಿಸಲು ಮನಸ್ಸಾಗಿರಲಿಲ್ಲ.

ವಾಚ್‌ಮನ್ ಒಂದು ಬದಿ, ಓಡುತ್ತಿದ್ದ ಬಿಳಿ ಬೂಟಿನವನೊಬ್ಬ ಇನ್ನೊಂದು ಬದಿ, ಹೆಂಡತಿಯರು ಹಿಂದಿನಿಂದ. ಕಾಲು ಮುಂದಕ್ಕೆ ಚಾಚಿಸಿ, ಕಂಕುಳಿಗೆ ಕೈಕೊಟ್ಟು, ಮೊದಲು ಒಬ್ಬನನ್ನು, ಮತ್ತೆ ಇನ್ನೊಬ್ಬನನ್ನು ಎತ್ತಿ ನಿಲ್ಲಿಸಿದರು. ಇಬ್ಬರ ಕೈಗೂ ವಾಕರ್ ಬಂತು. ಕೋಲುಗಳನ್ನು ಅಕ್ಕುವೇ ಎತ್ತಿಕೊಂಡಳು.

"ನೀವು ಮೆಲ್ಲ ಬನ್ನಿ. ನಾವು ರಿಕ್ಷಾ ಹಿಡೀತೇವೆ" ಎಂದು ಹೇಳಿ ಅವಳು ಲಕ್ಷ್ಮವ್ವನ ಜೊತೆ ಹೊರಟಳು.

ಗೇಟಿನವರೆಗೆ ಇದ್ದದ್ದು ಮೂವತ್ತು ಹೆಜ್ಜೆ. ಇಬ್ಬರೂ ಹತ್ತು ಹೆಜ್ಜೆಗೊಮ್ಮೆ ನಿಂತರು. ಒಬ್ಬ ನಿಂತಾಗ ಇನ್ನೊಬ್ಬನೂ ನಿಂತ. ಯಾರೂ ಯಾರಿಗಿಂತ ಅರ್ಧ ಹೆಜ್ಜೆಯೂ ಮುಂದೆ ಹೋಗಲಿಲ್ಲ. ವಾಚ್‌ಮನ್ ಪೀಪಿಯನ್ನು ಬಾಯಲ್ಲಿಟ್ಟುಕೊಂಡು, ಊದಲಾರದೆ, ಬೀಗ ಹಿಡಿದು ಹಿಂದೆ ಬಂದ.

ಗೇಟಿನಲ್ಲಿ ಸ್ಕೂಟರುಗಳು ನುಗ್ಗದಂತೆ ಕಬ್ಬಿಣದ ಕಂಬ ನೆಟ್ಟಿದ್ದರು. ಒಂದು ಸಲಕ್ಕೆ ಒಂದೇ ವಾಕರ್ ದಾಟಬಹುದು.

"ಹೋಗಿ ಮಾರಾಯ್ರೆ" ಎಂದ ಸೀನಣ್ಣ. "ನೀವು ದೊಡ್ಡವರು, ಎಪ್ಪತ್ತೊಂದು."

"ಛೇ ಛೇ. ಇದು ನಿಮ್ಮ ಪಾರ್ಲೆ. ನೀವೇ ಮೊದಲ ಹೋಗ್ರಿ."

"ಅರ್ಧ ಸಾಂತಾಕ್ರೂಜ್ ಉಂಟು ಇದು."

"ಇದ್ರೇನ್ರಿ? ದಿನಾ ಬರೋರು ನೀವು!"

ಅದಕ್ಕೆ ಇಬ್ಬರೂ ನಗತೊಡಗಿದರು. ನಕ್ಕರೆ ಸೊಂಟ ನೋಯುತ್ತಿತ್ತು, ಆದ್ದರಿಂದ ವಾಕರ್ ಹಿಡಿದು, ಕಣ್ಣು ಮುಚ್ಚಿ, ಸದ್ದಿಲ್ಲದೆ ನಕ್ಕರು. "ಅರೇ ಬಾಬಾ, ಕೋಯೀ ಭೀ ನಿಕಲೋ!" ಯಾರಾದರೊಬ್ಬರು ಹೊರಡಿ ಎಂದು ವಾಚ್‌ಮನ್ ಬೇಡಿಕೊಂಡ.

ತಿರುವಿನಲ್ಲಿ ಅಕ್ಕು ಮತ್ತು ಲಕ್ಷ್ಮವ್ವ ಒಂದೇ ರಿಕ್ಷಾದಲ್ಲಿ ಹಿಂದಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಎದುರಿನ ಅಂಗಡಿಯಿಂದ ಅರ್ಧ ಲೋಟದ ಕಟಿಂಗ್ ಚಹಾ ತರಿಸಿಕೊಂಡಿದ್ದರು; ಬೇರೆಯವರು ಮಾಡಿ ಕೊಟ್ಟ ಚಹಾ. ರಿಕ್ಷಾದವನು ಇನ್ನೆಷ್ಟು ಹೊತ್ತೆಂದು ಎರಡನೇ ಸಲ ಕೇಳಿದ.

ಅಕ್ಕು ತಲೆ ಹೊರಹಾಕಿ ಗೇಟಿನ ಕಡೆ ನೋಡಿದಳು. "ಬರ್ತಾರಾ ಇವರು?"

ಲಕ್ಷ್ಮವ್ವ ನೋಡಲೂ ಇಲ್ಲ. ಚಹಾ ಊದುತ್ತ ಹೇಳಿದಳು, "ಬರ್ತಾರ ಬಿಡ್ರಿ. ನಡ್ಕೊಂತ ಎಲ್ಲಿಗಿ ಹೋಗ್ತಾರ?"